ನನ್ನ ದಮ್ಮು, ಅಕ್ಕನ ಲೋಡು

ಹಾವಿಗೆ ಹೆದರುವವರನ್ನು ನೀವು ಕಂಡಿದ್ದೀರಿ. ಹೆಂಡತಿಗೆ ಹೆದರುವವರಂತೂ ನಿಮ್ಮ ಮನೆಯಲ್ಲೇ ಇದ್ದಾರು. ದಿಂಬಿಗೆ ಹೆದರುವ ಗಂಡಸನ್ನು ಕಾಣಬೇಕಾದರೆ ಮಾತ್ರ ನೀವು ಸಿಂಧನೂರಿಗೆ, ನಮ್ಮ ಮನೆಯ ಕಟ್ಟೆಯ ತನಕ ಬರಬೇಕು. ಈಗ ಅಲ್ಲೇ ಕುಳಿತಿದ್ದೇನೆ, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಒಳಗೆ ಪಡಸಾಲೆಯಲ್ಲಿ ಜಮಖಾನ ಹಾಸಿದೆ. ಜಮಖಾನದ ಮೇಲೆ, ಗೋಡೆಗೆ ಆನಿಸಿ, ನಮ್ಮ ಅಕ್ಕ ಒಂದು ಲೋಡನ್ನು ಕೂಡಿಸಿದ್ದಾಳೆ. ಇಟ್ಟಿದ್ದಾಳೆ ಎನ್ನಲಾರೆ, ಕೂಡಿಸಿದ್ದಾಳೆ. ಅದರ ಠೀವಿ ಹಾಗಿದೆ.

ಅಕ್ಕ ಬೆಳಗಿನ ಬಸ್ಸಿಗೆ ಮಸ್ಕಿಯಿಂದ ಬಂದಳು. ಕೈಯಲ್ಲಿ ಹಳೆಯ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು. ಮೊಮ್ಮಕ್ಕಳ ಹಾಸಿಗೆಯಿರಬೇಕು ಎಂದುಕೊಂಡೆ. ಬಿಚ್ಚಿದರೆ ಹಸಿರು ಮಖಮಲ್ಲಿನ ಆ ಲೋಡು. ಅಲ್ಲಲ್ಲಿ ಮಖಮಲ್ಲು ಉದುರಿ ನಮ್ಮ ಭಾವನ ತಲೆಯ ಹಾಗೆ ಬೋಳಾಗಿತ್ತು, ಆದರೂ ಗುರುತು ಹಿಡಿದೆ. ವೈರಿಯನ್ನು ಎಷ್ಟು ವರ್ಷವಾದರೂ ಗುರುತು ಹಿಡಿಯಬಹುದು.

“ಇದನ್ಯಾಕ ತಂದಿ ಯಕ್ಕಾ?” ಅಂದೆ.

“ಮನಿಗೆ ಗಂಡಿನ ಕಡೆಯವರು ಬರಾಕತ್ತಾರ. ಮುತ್ಯಾನ ಕಾಲದ್ದು, ಮರ್ಯಾದಿಗೆ ಇರಲಿ ಅಂತ ತಂದೆ” ಅಂದಳು, ದೇವರ ಮುಂದಿನ ಹೂವಿನಂಥ ಮುಖ ಮಾಡಿಕೊಂಡು.

ನನ್ನ ಮಗಳು ಗಿರಿಜೆಯನ್ನು ನೋಡಲು ಇವತ್ತು ಲಿಂಗಸುಗೂರಿನಿಂದ ಬರುತ್ತಿದ್ದಾರೆ. ಒಳ್ಳೆಯ ಮನೆತನ ಎನ್ನುತ್ತಾರೆ, ಅಕ್ಕಿ ಗಿರಣಿ ಇದೆಯಂತೆ. ನಾನು ಮಗಳನ್ನು ಕರೆದು, ನಿನಗೆ ಒಪ್ಪಿಗೆಯೇನವ್ವ ಎಂದು ಕೇಳಿದೆ. “ನಿಮಗ ಹ್ಯಾಂಗ ಸರಿ ಅನಸ್ತೈತೋ ಹಂಗ, ಅಪ್ಪಾ” ಎಂದಳು. ನನಗೆ ಬಹಳ ಸಂತೋಷವಾಯಿತು. ಸಂತೋಷವಾದ ಮೇಲೆ, ನನ್ನ ಪದ್ಧತಿಯಂತೆ, ಚಿಂತೆ ಶುರುವಾಯಿತು. ನೋಡಿ, ನಾನು ಚಿಂತೆಯ ಮನುಷ್ಯ. ಮಳೆ ಬಾರದಿದ್ದರೆ ಬರಲಿಲ್ಲವೆಂದು, ಬಂದರೆ ಮಾಳಿಗೆ ಸೋರೀತೆಂದು. ಚಿಂತಿಸಲು ಏನೂ ಇಲ್ಲದ ದಿನ, ಏನನ್ನೋ ಮರೆತಿದ್ದೇನಲ್ಲ ಎಂದು ಚಿಂತಿಸುತ್ತೇನೆ. ಇವತ್ತು ಆ ಲೋಡು ಬೇರೆ ಬಂದು ಕೂತಿದೆ. ಅದು ಬರೀ ಮರ್ಯಾದೆಗೆ ಬಂದಿದೆಯೋ, ಕೆಲಸದ ಮೇಲೆ ಬಂದಿದೆಯೋ ಎನ್ನುವುದು ನನಗೀಗ ತಿಳಿಯಬೇಕಾಗಿದೆ.

ಈ ಚಿಂತೆ ನಿಮಗೆ ಅರ್ಥವಾಗಬೇಕಾದರೆ ನಿಜಾಮರ ಕಾಲಕ್ಕೆ ಹೋಗಬೇಕು. ಹೋಗೋಣ, ಗಂಡಿನ ಕಡೆಯವರ ಬಸ್ಸು ಬರಲು ಇನ್ನೂ ತಡವಿದೆ.

ನನಗೆ ದಮ್ಮು ಹುಟ್ಟಿನಿಂದಲೇ ಇತ್ತೋ, ಹಲ್ಲಿನ ಜೊತೆಗೆ ಬಂತೋ ಹೇಳುವವರಿಲ್ಲ. ಮೊದಲು ಎದೆಯೊಳಗೆ ಒಂದು ಬೆಕ್ಕಿನ ಮರಿ ಕೂಗಿದ ಹಾಗಾಗುತ್ತಿತ್ತು. ಆಮೇಲೆ ಎಣ್ಣೆ ಕಾಣದ ಬಂಡಿಯ ಗಾಲಿ. ಕೊನೆಗೆ ಕಮ್ಮಾರನ ತಿದಿ. ತಿದಿಯ ಹಂತಕ್ಕೆ ಬಂದಾಗ ಓಣಿಯವರೆಲ್ಲ ಬಂದು ಬಾಗಿಲಲ್ಲಿ ನಿಂತು, ಒಬ್ಬೊಬ್ಬರು ಒಂದೊಂದು ಔಷಧ ಹೇಳಿ, ನನ್ನ ಪಾಲಿಗಿದ್ದ ಅಷ್ಟಿಷ್ಟು ಗಾಳಿಯನ್ನೂ ತಾವೇ ಉಸಿರಾಡಿ ಹೋಗುತ್ತಿದ್ದರು.

ದಮ್ಮು ಯಾವುದರಿಂದ ಬರುತ್ತದೆ ಎನ್ನುವ ಬಗ್ಗೆ ನಮ್ಮ ಮನೆಯಲ್ಲಿ ತಲೆಗೊಂದು ಸಿದ್ಧಾಂತವಿತ್ತು. ಅವ್ವನ ಪ್ರಕಾರ ಮೊಸರಿನಿಂದ. ಮೊಸರು ನಿಂತಿತು, ದಮ್ಮು ನಿಲ್ಲಲಿಲ್ಲ. ಹಾಗಾದರೆ ಬಾಳೆಹಣ್ಣು. ಅದೂ ನಿಂತಿತು. ಶೇಂಗಾ, ಹುಣಸೆಹಣ್ಣು, ಬೆಲ್ಲ ಹೀಗೆ ನನಗೆ ರುಚಿಸಿದ್ದೆಲ್ಲ ಒಂದೊಂದಾಗಿ ಆರೋಪಿಯಾಗಿ ಮನೆ ಬಿಟ್ಟವು. ಹಾಗಲಕಾಯಿಯ ಮೇಲೆ ಮಾತ್ರ ಯಾರೂ ಸಂಶಯಪಡಲಿಲ್ಲ. ಅಪ್ಪನ ಪ್ರಕಾರ ತಪ್ಪು ಶಾಲೆಯದು. ಆಗ ನಮಗೆಲ್ಲ ಉರ್ದುವಿನಲ್ಲೇ ಪಾಠ. ಅದರ ಕೆಲವು ಅಕ್ಷರಗಳನ್ನು ಗಂಟಲಿನ ತಳದಿಂದ, ಬಾವಿಯಿಂದ ಕೊಡ ಎಳೆದ ಹಾಗೆ ಎಳೆಯಬೇಕು. ಎಳೆದೆಳೆದು ಹುಡುಗನ ಗಂಟಲಿನ ಹಗ್ಗ ಸವೆದಿದೆ ಎಂದು ಅಪ್ಪ ನಂಬಿದ್ದ. ಆ ಅಕ್ಷರಗಳು ಬಂದಾಗ ಸುಮ್ಮನೆ ದಾಟಿಕೊಂಡು ಓದು ಎಂದು ನನಗೆ ಹೇಳಿಕೊಟ್ಟ. ಆ ವರ್ಷ ನಾನು ನಪಾಸಾದೆ. ಇಷ್ಟೆಲ್ಲ ಹೇಳುವಾಗ ಅಪ್ಪ ಎರಡು ಬೆರಳಲ್ಲಿ ನಸ್ಯ ಹಿಡಿದು ಏರಿಸುತ್ತ, ನನ್ನ ಮುಖದ ಮೇಲೇ ಸೀನುತ್ತಿದ್ದ. ನಸ್ಯದ ಮೇಲೆ ಯಾರೂ ಸಂಶಯಪಡಲಿಲ್ಲ. ಮನೆಯ ಯಜಮಾನನ ಮೂಗನ್ನು ಅನುಮಾನಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

ಲಿಂಗಸುಗೂರಿನ ಒಬ್ಬ ಹಕೀಮರ ಕೈಗುಣ ಒಳ್ಳೆಯದೆಂದು ಬಂಡಿ ಕಟ್ಟಿಸಿಕೊಂಡು ಹೋದೆವು. ಅವರು ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇದ್ದರು. ನಿದ್ದೆ ಹತ್ತಿರಬೇಕೆಂದು ನಾನು ಮೆಲ್ಲಗೆ ಕೈ ಎಳೆದುಕೊಂಡಾಗ ಕಣ್ಣು ಬಿಟ್ಟು, ಈ ಹುಡುಗ ನಗಬಾರದು ಎಂದರು. ನಗುವಾಗ ಎದೆಯೊಳಗಿನ ಗಾಳಿ ದಾರಿ ತಪ್ಪುತ್ತದಂತೆ. ಅಂದಿನಿಂದ ನಮ್ಮ ಮನೆಯಲ್ಲಿ ನಗು ಪರಹೇಜಾಯಿತು. ದಢೇಸುಗೂರಿನ ನಮ್ಮ ಅತ್ತೆಯ ಗಂಡ ಬಹಳ ತಮಾಷೆಯ ಮನುಷ್ಯ. ಅವನು ಬಂದರೆ ಅವ್ವ ಮೊದಲು ನೀರು ಕೊಡುವ ಬದಲು, ನಗಿಸಬ್ಯಾಡ್ರಿ ಎಂದು ಕೈಮುಗಿಯುತ್ತಿದ್ದಳು. ಅವನು ಹೂಂ ಎಂದು ಗಂಭೀರವಾಗಿ ಕೂಡುತ್ತಿದ್ದ. ಅವನು ಗಂಭೀರವಾಗಿ ಕೂತದ್ದನ್ನು ನೋಡಿಯೇ ನನಗೆ ನಗು ಬಂದು ದಮ್ಮು ಹತ್ತುತ್ತಿತ್ತು.

ಇನ್ನು ಲೋಬಾನದ ಹೊಗೆ, ದತ್ತೂರಿ ಎಲೆಯ ಬೀಡಿ. ಉಸಿರು ಬಾರದವನಿಗೆ ಹೊಗೆ ಕುಡಿಸುವುದು ಆ ಕಾಲದ ವೈದ್ಯ. ನಾನು ಮೀಸೆ ಬರುವ ಮೊದಲೇ ತಂದೆಯ ಎದುರಿಗೆ ಬೀಡಿ ಸೇದಿದ ಏಕಮಾತ್ರ ಮರ್ಯಾದಸ್ತ. ಹೈದರಾಬಾದಿನಲ್ಲಿ ಮೃಗಶಿರ ಮಳೆ ಕೂಡುವ ಮಿರಗದ ದಿನ ಜೀವಂತ ಮೀನಿನ ಬಾಯಿಗೆ ಔಷಧಿಯಿಟ್ಟು ನುಂಗಿಸುತ್ತಾರೆಂದು ಯಾರೋ ಹೇಳಿದರು. ಅದಕ್ಕೆ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸಿಟ್ಟಿನಿಂದ ಎದ್ದೇ ನಿಂತ. “ಲಿಂಗ ಕಟ್ಟಿದ ಕೊರಳಾಗ ಮೀನು ಇಳಿಯಂಗಿಲ್ಲ. ಹೋದರ ಹೋಗ್ಲಿ” ಅಂದ. ಹೋಗ್ಲಿ ಎಂದದ್ದು ಮೀನನ್ನೋ ನನ್ನನ್ನೋ ಎಂದು ನಾನು ಬಹಳ ದಿನ ಚಿಂತಿಸಿದೆ. ಮುತ್ಯಾನ ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಷ್ಟು ಜನ ಇಷ್ಟೆಲ್ಲವನ್ನು ಅನುಮಾನಿಸಿದರೂ ಆ ಲೋಡುಗಳ ಕಡೆ ಒಬ್ಬರೂ ಬೆರಳು ತೋರಿಸಲಿಲ್ಲ. ಹೇಗೆ ತೋರಿಸಿಯಾರು? ಅವು ನಮ್ಮ ಮನೆಯ ಇಜ್ಜತ್ತು. ಮುತ್ಯಾ ಹರೆಯದಲ್ಲಿದ್ದಾಗ ಹೈದರಾಬಾದಿನಿಂದ ದೊಡ್ಡ ಸಾಹೇಬರೊಬ್ಬರು ದೌರೆಯ ಮೇಲೆ ಬಂದು ನಮ್ಮ ಹೊಲದ ಬದುವಿಗೆ ಡೇರೆ ಹೊಡೆಸಿದ್ದರಂತೆ. ಕುದುರೆಗೆ ಮೇವು, ಸಾಹೇಬರಿಗೆ ಹಾಲು, ಎಲ್ಲ ಮುತ್ಯಾನ ಮನೆಯಿಂದ. ಹೋಗುವಾಗ ಸಾಹೇಬರು ಖುಷಿಯಾಗಿ ತಾವು ಒರಗಿದ್ದ ಎರಡು ಲೋಡುಗಳನ್ನು ಬಕ್ಷೀಸು ಕೊಟ್ಟರು. ಅಂಗೈ ಇಟ್ಟರೆ ಮುಳುಗುತ್ತಿತ್ತು, ಎತ್ತಿದರೆ ತೂಕವೇ ಇಲ್ಲ. ಅಂಥ ಮೆತ್ತನೆಯ ಹತ್ತಿ ನಮ್ಮ ಎರೆಹೊಲದಲ್ಲಿ ಬೆಳೆಯುವುದಿಲ್ಲ, ಅದು ಬಾದಶಹರ ತೋಟದ ಹತ್ತಿ ಎಂದು ಮುತ್ಯಾ ಊರಿಗೆಲ್ಲ ಹೇಳಿದ್ದ.

ಬೇವಿನ ಎಲೆ ಹಾಕಿದ ಸಂದೂಕದಲ್ಲಿ ಅವುಗಳ ವಾಸ. ಮಠದ ಅಯ್ಯನವರು, ಕಚೇರಿಯವರು, ಬೀಗರಾಗುವವರು ಬಂದರೆ ಮಾತ್ರ ಹೊರಗೆ ಬರುತ್ತಿದ್ದವು. ಮನೆಯವರು ಒರಗುವ ಹಾಗಿಲ್ಲ. ಮುತ್ಯಾ ಕೂಡ ಅವುಗಳ ಪಕ್ಕ ಬೆನ್ನು ನೆಟ್ಟಗೆ ಮಾಡಿ, ಸಾಹೇಬರೇ ಅಲ್ಲಿ ಕೂತಿದ್ದಾರೆನ್ನುವ ಹಾಗೆ ಕೂಡುತ್ತಿದ್ದ. ನನಗೋ, ಒಮ್ಮೆಯಾದರೂ ಆ ಹಸಿರು ಮಖಮಲ್ಲಿಗೆ ಕೆನ್ನೆ ಹಚ್ಚಿ ಮಲಗಬೇಕೆನ್ನುವುದು ಬಾಲ್ಯದ ಏಕೈಕ ಮಹತ್ವಾಕಾಂಕ್ಷೆ.

ದೊಡ್ಡವರು ಬಂದ ದಿನ ನನಗೆ ದಮ್ಮು ಖಾಯಂ. ಇದನ್ನು ಅವ್ವ ಗಮನಿಸಿದ್ದಳು. ಗಮನಿಸಿ, ಬಂದವರ ಕಾಲ್ಗುಣ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಳು. ಯಾರ ಕಾಲು ಎಷ್ಟು ಕೆಟ್ಟದ್ದೆಂದು ನನ್ನ ಎದೆಯ ಸಪ್ಪಳದ ಮೇಲೆ ಅಳೆಯುತ್ತಿದ್ದಳು. ಮಠದ ಅಯ್ಯನವರು ಬಂದಾಗಲೂ ತಿದಿ ಊದಿತಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಬೆನ್ನಿಗೆ ಗುದ್ದಿದಳು.

ನನಗಿಂತ ಎರಡು ವರ್ಷ ದೊಡ್ಡವಳು ಅಕ್ಕ, ನೀಲವ್ವ. ಲೋಡುಗಳನ್ನು ಸಂದೂಕದಿಂದ ತೆಗೆಯುವುದು, ಬಿಸಿಲಿಗಿಡುವುದು, ಹರಿದಲ್ಲಿ ಹೊಲಿಯುವುದು ಅವಳ ಕೆಲಸ. ನನಗೆ ದಮ್ಮು ಬಂದಾಗ ಎದೆಗೆ ಶಾಖ ಕೊಡುವುದೂ ಅವಳದೇ ಕೆಲಸ. ಅಜವಾನವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ರೊಟ್ಟಿ ಹಂಚಿನ ಮೇಲೆ ಬಿಸಿ ಮಾಡಿ ಎದೆಗೆ ಒತ್ತುತ್ತಿದ್ದಳು. ಅದೊಂದು ಔಷಧ ಮಾತ್ರ ನಿಜವಾಗಿ ಹಿತವೆನ್ನಿಸುತ್ತಿತ್ತು. ಅವಳ ಪ್ರೀತಿ ಎಷ್ಟೆಂದರೆ, ಎಷ್ಟೋ ಸಲ ನಾನು ಎರಡನೆಯ ಉಸಿರು ಎಳೆಯುವುದರೊಳಗೆ ಬಿಸಿ ಗಂಟು ಎದೆಯ ಮೇಲಿರುತ್ತಿತ್ತು. ಒಲೆ ಯಾವಾಗ ಹೊತ್ತಿಸಿದಳು, ಹಂಚು ಯಾವಾಗ ಕಾಯಿತು ಎಂದು ನಾನು ಯೋಚಿಸಲಿಲ್ಲ. ಜಗತ್ತಿನಲ್ಲಿ ಎಲ್ಲದಕ್ಕೂ ಚಿಂತಿಸುವ ನಾನು ಚಿಂತಿಸಬೇಕಾದಲ್ಲಿ ಮಾತ್ರ ಚಿಂತಿಸುವುದಿಲ್ಲ.

ಅಕ್ಕನಿಗೆ ಮೊದಲ ಗಂಡು ಬಂದದ್ದು ಜವಳಗೇರಾದಿಂದ. ದೊಡ್ಡ ಒಕ್ಕಲುತನದವರು. ಹುಡುಗ ಎತ್ತುಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅವನ ಅಪ್ಪ ಅಕ್ಕನನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದ, ಮತ್ತೆ ತಿರುಗಿ ನಡೆ ಎಂದ. ಹಲ್ಲು ಎಣಿಸುವುದೊಂದೇ ಬಾಕಿ. ಅಕ್ಕ ನಡೆದು ತೋರಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತಲೆ ಬಗ್ಗಿಸಿಕೊಂಡು ಬಂದು, ಬೀಗರ ಹಿಂದಿನ ಲೋಡು ಜಾರಿದೆಯೆಂದು ಎತ್ತಿ, ನನ್ನ ಪಕ್ಕಕ್ಕೆ ತಂದು, ಎರಡು ಸಲ ಜೋರಾಗಿ ತಟ್ಟಿ, ಮತ್ತೆ ಅಲ್ಲೇ ಇಟ್ಟಳು. ಎಂಥ ವಿನಯ ಎಂದು ಮುತ್ಯಾ ಮೀಸೆ ಸವರಿದ. ಅಷ್ಟರಲ್ಲಿ ನನ್ನ ಎದೆಯಲ್ಲಿ ಬೆಕ್ಕಿನ ಮರಿ ಕೂಗಿತು. ಶಿರಾ ಬರುವುದರೊಳಗೆ ಬಂಡಿಯ ಗಾಲಿ, ವೀಳ್ಯ ಬರುವುದರೊಳಗೆ ತಿದಿ. ಬೀಗರು ಎಲೆ ಅಡಿಕೆ ಮುಟ್ಟದೆ ಎದ್ದರು. ವಂಶದೊಳಗ ದಮ್ಮು ಐತಿ ಎಂದು ಹೇಳಿ ಕಳಿಸಿದರು. ಹುಡುಗಿಗೂ ಬಂದರೆ, ಹುಡುಗಿಯ ಮಕ್ಕಳಿಗೂ ಬಂದರೆ ಎಂದು ಅವರ ಲೆಕ್ಕ.

ಎರಡನೆಯ ಗಂಡು ಲಿಂಗಸುಗೂರಿನ ಕಚೇರಿಯ ಪೇಶ್ಕಾರ. ಹೆಂಡತಿ ತೀರಿಕೊಂಡವನು, ಶೇರ್ವಾನಿ ತೊಟ್ಟವನು, ಮೀಸೆಗೆ ಹಚ್ಚಿದ ಕಪ್ಪು ಬೆವರಿನಲ್ಲಿ ಇಳಿದು ಗದ್ದದ ತನಕ ಬಂದವನು. ಕಚೇರಿಯವನೂ ಹೌದು, ಬೀಗನಾಗುವವನೂ ಹೌದು, ಹೀಗೆ ಲೋಡಿಗೆ ಎರಡೆರಡು ಹಕ್ಕು. ಈ ಸಲ ನನ್ನನ್ನು ಒಳಕೋಣೆಯಲ್ಲಿ ಬಚ್ಚಿಡಬೇಕೆಂದು ಮನೆಯವರು ನಿಶ್ಚಯಿಸಿದರು. ಅಕ್ಕ ನನಗೆ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟು, ಎರಡನೆಯ ಲೋಡನ್ನು ತಲೆದಿಂಬಿಗೆ ಇಟ್ಟಳು. “ಆರಾಮ ಮಲಕೋ ತಮ್ಮಾ. ಮುತ್ಯಾ ನೋಡಂಗಿಲ್ಲ” ಎಂದಳು. ನಾನು ಜನ್ಮ ಸಾರ್ಥಕವಾಯಿತೆಂದು ಆ ಮಖಮಲ್ಲಿನೊಳಗೆ ಮೂಗು ಹುದುಗಿಸಿ ಮಲಗಿದೆ.

ಹೊರಗೆ ಪೇಶ್ಕಾರ ತನ್ನ ಸಂಬಳ ಸಾರಿಗೆಯ ವಿವರ ಕೊಡುತ್ತಿದ್ದಾಗ ಒಳಗಿನಿಂದ ತಿದಿ ಊದತೊಡಗಿತು. ಪೇಶ್ಕಾರ ಮಾತು ನಿಲ್ಲಿಸಿ, ಒಳಗೆ ಏನದು ಸಪ್ಪಳ ಎಂದು ಕೇಳಿದ. ಮುತ್ಯಾ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ, ಹಾಗಾಗಿ ರೂಢಿ ಇರಲಿಲ್ಲ.

“ಎಮ್ಮಿ ರೀ ಸಾಹೇಬ. ಈಯಾಕ ಬಂದೈತಿ” ಅಂದ.

“ಎಮ್ಮಿ ಕ್ವಾಣ್ಯಾಗ ಈಯತೈತೇನ್ರಿ ನಿಮ್ಮ ಮನ್ಯಾಗ?”

ಪೇಶ್ಕಾರ ಶೇರ್ವಾನಿಯ ಧೂಳು ಕೊಡವಿ ಎದ್ದ. ಈಗ ಊರಲ್ಲಿ ಸುದ್ದಿ ಇನ್ನೂ ಕೆಟ್ಟದಾಯಿತು. ಆ ಮನೆಯಲ್ಲಿ ದಮ್ಮು ಇದೆ ಎನ್ನುವುದಷ್ಟೇ ಅಲ್ಲ, ಮುಚ್ಚಿಡುತ್ತಾರೆ ಎಂದೂ ಆಯಿತು. ಅವ್ವ ರೊಟ್ಟಿ ತಟ್ಟುತ್ತ ತಟ್ಟುತ್ತ ಕಣ್ಣೊರೆಸಿಕೊಳ್ಳುವುದನ್ನು ನಾನು ಕಂಡೆ. ಇನ್ನೊಂದು ಗಂಡು ಹೀಗೇ ಎದ್ದು ಹೋದರೆ ನೀಲವ್ವನ ಹೆಸರು ಎತ್ತುವವರೇ ಇರುವುದಿಲ್ಲ ಎಂದು ಅಪ್ಪನಿಗೆ ಹೇಳುತ್ತಿದ್ದಳು. ನನ್ನ ಎದೆ ನನ್ನ ಅಕ್ಕನ ಬಾಳಿಗೆ ಅಡ್ಡ ಬಿದ್ದಿತ್ತು. ನಾನು ಅಕ್ಕನ ಹತ್ತಿರ ಹೋಗಿ, ಮುಂದಿನ ಸಲ ಗಂಡು ಬಂದಾಗ ನಾನು ದಢೇಸುಗೂರಿಗೆ ಅತ್ತೆಯ ಮನೆಗೆ ಹೋಗಿಬಿಡುತ್ತೇನೆ ಎಂದು ಅಳುತ್ತ ಹೇಳಿದೆ. ಅವಳು ನನ್ನ ತಲೆ ನೇವರಿಸಿದಳು.

“ನೀ ಹೋದರ ಹ್ಯಾಂಗಲೇ? ನೀ ಇರಬೇಕು.”

ಅಂಥ ಅಕ್ಕ ಯಾರಿಗೆ ಸಿಕ್ಕಾಳೆಂದು ನಾನು ಇನ್ನೂ ಅತ್ತೆ.

ಮೂರನೆಯ ಗಂಡು ಮಸ್ಕಿಯದು. ಅರಿವೆ ಅಂಗಡಿಯವರು. ಹುಡುಗನ ತಂದೆ ದೊಡ್ಡ ಆಚಾರವಂತ, ದಿನಕ್ಕೆ ಮೂರು ಹೊತ್ತು ಲಿಂಗಪೂಜೆ, ಕಂಡಕಂಡವರ ಮನೆಯಲ್ಲಿ ನೀರು ಮುಟ್ಟುವವರಲ್ಲ. ಹುಡುಗ ಮಾತಾಡುವುದಿಲ್ಲ, ಮಂಕ ಎಂದು ಯಾರೋ ಹೇಳಿದ್ದು ಅಕ್ಕನ ಕಿವಿಗೂ ಬಿದ್ದಿತ್ತು. ಈ ಸಲ ನನ್ನನ್ನು ಬಚ್ಚಿಡುವುದು ಬೇಡವೆಂದು ಮುತ್ಯಾ ಅಪ್ಪಣೆ ಮಾಡಿದ. “ಮುಚ್ಚಿಟ್ಟರ ಎಮ್ಮಿ ಆಗತಾನ, ಮುಂದ ಕೂಡಿಸಿದರ ಮೊಮ್ಮಗ ಆಗತಾನ. ಬಂದದ್ದು ಬರಲಿ” ಅಂದ.

ಹಾಗಾಗಿ ಅವತ್ತು ನಾನು ಜಮಖಾನದ ಮೇಲೆ ಹುಡುಗನ ಪಕ್ಕದಲ್ಲೇ ಕೂತಿದ್ದೆ, ಉಸಿರನ್ನು ಹನಿಹನಿಯಾಗಿ ಖರ್ಚು ಮಾಡುತ್ತ. ಎದುರಿಗೆ ಹುಡುಗನ ತಂದೆ, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಕೆಂಪು ರುಮಾಲು, ಬೆನ್ನಿಗೆ ಒಂದು ಲೋಡು. ಇನ್ನೊಂದು ಲೋಡು ಹುಡುಗನಿಗೂ ನನಗೂ ನಡುವೆ. ಮಾತುಕತೆ ಚೆನ್ನಾಗಿಯೇ ಸಾಗಿತ್ತು. ಮುತ್ಯಾ ಸಾಹೇಬರ ಕಥೆ ಶುರು ಮಾಡಿದ್ದ. ಅಕ್ಕ ಬಂದಳು, ನಮಸ್ಕಾರ ಮಾಡಿದಳು, ನಮ್ಮಿಬ್ಬರ ನಡುವಿನ ಲೋಡನ್ನು ಸರಿಪಡಿಸುವ ವಿನಯದಿಂದ ಎತ್ತಿ ತಟ್ಟಿದಳು.

ಅದರ ಬಾಯಿಯ ಹೊಲಿಗೆ ಬಿಚ್ಚಿತ್ತು. ಒಂದು ಸಣ್ಣ ಬಿಳಿಯ ಪುಕ್ಕ ಹೊರಗೆ ಹಾರಿತು.

ಪುಕ್ಕ, ಕಣ್ರೀ. ಕೋಳಿಯ ಪುಕ್ಕ. ಬಾದಶಹರ ತೋಟದ ಹತ್ತಿ!

ಅದು ಅವಸರವಿಲ್ಲದೆ ಮೇಲೇರಿತು. ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಒಂದು ಸುತ್ತು ತಿರುಗಿತು. ಎಲ್ಲಿ ಕೂಡಬೇಕೆಂದು ಸಭೆಯನ್ನೆಲ್ಲ ನೋಡಿತು. ಆಮೇಲೆ ಇಳಿದು ಬಂದು, ಆಚಾರವಂತರ ಕೆಂಪು ರುಮಾಲಿನ ಮೇಲೆ ನೆಟ್ಟಗೆ ಕೂತಿತು. ನಾನು ಅಕ್ಕನ ಕಡೆ ನೋಡಿದೆ. ಅವಳ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಮುತ್ಯಾನಿಗೆ ಕಣ್ಣು ಮಂಜು, ಅವನು ಸಾಹೇಬರ ಕುದುರೆಯ ಬಣ್ಣ ಹೇಳುತ್ತಿದ್ದ. ಲಿಂಗ ಕಟ್ಟಿದ ಕೊರಳಿಗೆ ಮೀನು ಬೇಡವೆಂದವನು, ಮಠದ ಅಯ್ಯನವರನ್ನು ವರ್ಷಾನುವರ್ಷ ಕೋಳಿಯ ಮೇಲೆ ಒರಗಿಸಿದ್ದ. ಇದು ಈಗ ಬಯಲಾದರೆ ಮದುವೆ ಮುರಿಯುವುದು ದೊಡ್ಡದಲ್ಲ, ಮುತ್ಯಾ ಮತ್ತೆ ಅನ್ನ ಮುಟ್ಟುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನನ್ನ ಎದೆ ಸುಮ್ಮನಿದ್ದೀತೇ? ಬೆಕ್ಕು, ಬಂಡಿ, ತಿದಿ ಮೂರೂ ಒಟ್ಟಿಗೆ ಬಂದವು.

“ಏನದು ಸಪ್ಪಳ? ಹುಡುಗಗ ದಮ್ಮು ಐತೇನು?” ಎಂದರು ಹುಡುಗನ ತಂದೆ. ಅವರು ತಲೆ ತಿರುಗಿಸಿದಂತೆ ಪುಕ್ಕವೂ ನನ್ನ ಕಡೆ ತಿರುಗಿ, ಐತೇನು ಎಂದು ಕೇಳಿದ ಹಾಗೆ ಬಾಗಿತು.

ಪಕ್ಕದಲ್ಲಿದ್ದ ಮಂಕ ನನ್ನ ಮುಖ ನೋಡಿದ. ನನ್ನ ಕಣ್ಣು ನೆಟ್ಟಿದ್ದ ಕಡೆ ನೋಡಿದ. ತಮ್ಮಪ್ಪನ ರುಮಾಲು ನೋಡಿದ. ಮರುಕ್ಷಣ ಅವನಿಗೆ ಭಯಂಕರ ಕೆಮ್ಮು ಹತ್ತಿತು. ಕೆಮ್ಮುತ್ತ ಕೆಮ್ಮುತ್ತ ಎದ್ದ, ಮುಂದಕ್ಕೆ ಮುಗ್ಗರಿಸಿದ, ಆಸರೆಗೆಂದು ತಂದೆಯ ಹೆಗಲು ಹಿಡಿದ. ಹಿಡಿದ ಕೈ ಮೇಲೆ ಹೋಯಿತು, ಕೆಳಗೆ ಬಂತು, ಕೋಟಿನ ಜೇಬಿಗೆ ಇಳಿಯಿತು. ರುಮಾಲು ಖಾಲಿ.

“ದಮ್ಮಲ್ಲಪ್ಪಾ, ಒಗ್ಗರಣಿ ಘಾಟು” ಎಂದ, ಕಣ್ಣಲ್ಲಿ ನೀರು ತಂದುಕೊಂಡು. “ನನಗೂ ನೆತ್ತಿಗೇರೇತಿ. ಇವನ್ನ ಹೊರಗ ಗಾಳಿಗೆ ಕರಕೊಂಡು ಹೋಗ್ತೀನಿ.” ಎಲ್ಲರೂ ಅಡಿಗೆಮನೆಯ ಕಡೆ ನೋಡಿದರು. ಒಗ್ಗರಣೆಯನ್ನೇ ಹಾಕದಿದ್ದ ಅವ್ವ ಒಳಗಿನಿಂದಲೇ, ಮೆಣಸಿನಕಾಯಿ ಹೆಚ್ಚಾತ್ರಿ, ತಪ್ಪಾತು ಎಂದಳು.

ಅವನು ನನ್ನನ್ನು ಕರೆತಂದು ಕೂಡಿಸಿದ್ದು ಇದೇ ಕಟ್ಟೆಯ ಮೇಲೆ. ಕೆಮ್ಮು ಬಾಗಿಲಲ್ಲೇ ನಿಂತುಹೋಗಿತ್ತು. ಜೇಬಿನೊಳಗೆ ಇಣುಕಿ ನೋಡಿ, ಕೋಳೀದೇನು ಎಂದು ಮೆಲ್ಲಗೆ ಕೇಳಿದ. ಗೊತ್ತಿಲ್ಲರೀ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. “ನನಗೂ ಗೊತ್ತಿಲ್ಲ. ಮುಗೀತು” ಎಂದ, ಪೇಶ್ಕಾರನಷ್ಟು ಗಂಭೀರವಾಗಿ. ನನಗೆ ಹಕೀಮರು ಬೇಡವೆಂದಿದ್ದ ನಗು ಬಂತು. ಅದರ ಹಿಂದೆ ದಮ್ಮು ಮೂರು ಪಟ್ಟು.

ಅಷ್ಟರಲ್ಲಿ ಅಕ್ಕ ಅಜವಾನದ ಬಿಸಿ ಗಂಟು ಹಿಡಿದು ಓಡಿ ಬಂದಳು. ನನ್ನ ಎದೆಗೆ ಒತ್ತಿದಳು. ಆ ಕಾಲದಲ್ಲಿ ನೋಡಲು ಬಂದ ಗಂಡು, ನೋಡಿಸಿಕೊಂಡ ಹೆಣ್ಣು ಎದುರಾ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಹಾಗಾಗಿ ಇಬ್ಬರೂ ನನ್ನ ಜೊತೆ ಮಾತಾಡಿದರು. ಅವನು ಆ ಗಂಟನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ.

“ತಮ್ಮಾ, ನಿಮ್ಮಕ್ಕನ್ನ ಕೇಳು. ನಿನಗ ದಮ್ಮು ಹತ್ತಿದ್ದು ಈಗ. ಇದು ಇಷ್ಟು ಕಾಯಬೇಕಾದರ ಬಹಳ ಹೊತ್ತು ಬೇಕು. ನಾವು ಬರೂಕಿಂತ ಮೊದಲ ಹಂಚಿನ ಮ್ಯಾಲೆ ಇಟ್ಟಿದ್ದರೇನು?”

ಅಕ್ಕ ತಲೆ ತಗ್ಗಿಸಿದಳು. ಅವಳು ನಿಜವಾಗಿ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಹಂಗಾದರ ಇನ್ನೊಂದು ಕೇಳು ತಮ್ಮಾ. ನಾವು ಬಂಡಿ ಹೂಡಬೇಕೋ, ಕುಂದ್ರಬೇಕೋ?”

ಅಕ್ಕ ಬಹಳ ಹೊತ್ತು ಗಂಟನ್ನು ನನ್ನ ಎದೆಯ ಮೇಲೆ ಅತ್ತಿತ್ತ ಆಡಿಸಿದಳು. ಎದೆ ಸುಡುತ್ತಿತ್ತು, ಆದರೆ ಬಾಯಿ ಬಿಡುವ ಹೊತ್ತಲ್ಲವೆಂದು ನನಗೂ ತಿಳಿಯಿತು.

“ತಮ್ಮಾ, ಅವರಿಗೆ ಹೇಳು. ಶಿರಾ ಆರತೈತಿ, ಒಳಗ ಬರ್ರಿ ಅಂತ.”

ಮದುವೆ ನಿಶ್ಚಯವಾದಾಗ, ನಿಮಗೇನು ಕೊಡಬೇಕೆಂದು ಮುತ್ಯಾ ಕೇಳಿದ. ಹುಡುಗ, ತನಗೆ ಆ ಎರಡು ಲೋಡು ಸಾಕು ಎಂದ. ಮುತ್ಯಾನ ಕಣ್ಣು ತುಂಬಿ ಬಂದವು. ಕಿಮ್ಮತ್ತು ತಿಳಿದ ಹುಡುಗ ಎಂದು ಸಾಯುವ ತನಕ ಬಾಜಾರದಲ್ಲಿ ಹೇಳಿಕೊಂಡು ತಿರುಗಿದ. ಲೋಡುಗಳು ಅಕ್ಕನ ಜೊತೆ ಬಂಡಿಯಲ್ಲಿ ಮಸ್ಕಿಗೆ ಹೋದವು. ಒಂದನ್ನು ಭಾವ ಊರಾಚೆಯ ಹಳ್ಳದ ಹತ್ತಿರ ಬಿಚ್ಚಿ ಕೊಡವಿದನಂತೆ. ಅವತ್ತು ಗಾಳಿ ಜೋರಿತ್ತಂತೆ. ಬೇಸಿಗೆಯಲ್ಲಿ ಬೆಳ್ಳಕ್ಕಿ ಹಿಂಡು ಬಂದಿದೆಯೆಂದು ಕುರಿ ಕಾಯುವವರು ನೋಡುತ್ತ ನಿಂತರಂತೆ. ಇತ್ತ ನನ್ನ ದಮ್ಮು ಅರ್ಧಕ್ಕರ್ಧ ಇಳಿಯಿತು. ಎಲ್ಲ ಅಳಿಯನ ಕಾಲ್ಗುಣ ಎಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಪಂಚಮಿಗೆ ಅಕ್ಕನನ್ನು ಕರೆತರಲು ಮಸ್ಕಿಗೆ ಹೋದಾಗ ಅವಳೇ ಎಲ್ಲ ಹೇಳಿದಳು, ನಗುನಗುತ್ತ. ಲೋಡು ಹೊಲಿಯುವಾಗ ಒಮ್ಮೆ ಪುಕ್ಕದ ದಂಟು ಬೆರಳಿಗೆ ಚುಚ್ಚಿತ್ತಂತೆ. ಮುತ್ಯಾನ ಮುಖ ನೆನೆದು ಬಾಯಿ ಹೊಲಿದುಕೊಂಡಳಂತೆ. ಲೋಡು ಕೊಡವಿದಾಗಲೆಲ್ಲ ನಾನು ಏದುವುದನ್ನೂ ಕಂಡಿದ್ದಳಂತೆ. ಅದಕ್ಕೇ ಆದಷ್ಟೂ ನನ್ನಿಂದ ದೂರವಿಡುತ್ತಿದ್ದಳಂತೆ, ಜವಳಗೇರಾದ ಎತ್ತಿನವರು ಬರುವ ತನಕ.

“ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲಿತ್ತೋ ತಮ್ಮಾ? ನಿನ್ನ ದಮ್ಮಿಗೆ ಇತ್ತು” ಎಂದಳು. ನಾನು ಸಾಯುತ್ತಿದ್ದೆನಲ್ಲ ಎಂದೆ. “ಅಜವಾನ ಮೊದಲ ಕಾಸಿ ಇಟ್ಟಿರ್ತಿದ್ದೆ ಇಲ್ಲೋ?” ಎಂದು ನನ್ನನ್ನೇ ಗದರಿದಳು. ನ್ಯಾಯ ಅವಳ ಕಡೆಯೇ ಇದೆ ಅನ್ನಿಸಿ ನಾನು ಹೂಂ ಎಂದೆ.

ಹೀಗೆ ಉಳಿದ ಆ ಒಂದು ಲೋಡು ಈಗ ನನ್ನ ಪಡಸಾಲೆಯಲ್ಲಿದೆ. ನನಗೀಗ ನಡುವಯಸ್ಸು. ಎದೆಗೆ ವೈದ್ಯರು ಕೊಟ್ಟ ಗುಳಿಗೆಗಳಿವೆ. ಆದರೂ ಊದುಬತ್ತಿ, ಹೊಸ ಸುಣ್ಣ, ಹೆಂಡತಿಯ ಮುಖದ ಪೌಡರು ಯಾವುದಾದರೂ ಸಾಕು, ಬೆಕ್ಕಿನ ಮರಿ ಏಳುತ್ತದೆ. ಲೋಡಿನ ಸುದ್ದಿ ಬಲ್ಲ ನನ್ನ ಹೆಂಡತಿ ಆಗಲೇ ಬಂದು, ಅದರ ಹತ್ತಿರ ಸುಳಿಯಬ್ಯಾಡ್ರಿ, ಬಂದವರ ಮುಂದ ಮಾನ ಹೋದೀತು ಎಂದು ಹೇಳಿ ಹೋದಳು. ಅಕ್ಕಿ ಗಿರಣಿಯ ಸಂಬಂಧ ಅವಳಿಗೆ ಮನಸ್ಸಿಗೆ ಬಂದಿದೆ. ನಿಜ ಹೇಳಬೇಕೆಂದರೆ ನನಗೂ ಬಂದಿತ್ತು. ಹುಡುಗ ಒಳ್ಳೆಯವನೋ ಅಲ್ಲವೋ ತಿಳಿಯದು, ಚಿಂತೆ ಒಂದು ಕಡಿಮೆಯಾದೀತೆಂದು. ಕಳೆದ ತಿಂಗಳು ಗಿರಿಜೆ ಮಸ್ಕಿಯಲ್ಲಿ ಸೋದರತ್ತೆಯ ಹತ್ತಿರ ಹೋಗಿ ಇದ್ದು ಬಂದಳು. ನನಗೆ ಹೇಳದ್ದನ್ನು ಅಲ್ಲಿ ಹೇಳಿದ್ದಾಳೋ ಏನೋ. ಈಗ ಇಬ್ಬರೂ ಅಡಿಗೆಮನೆ ಸೇರಿದ್ದಾರೆ. ಮಾತು ಕೇಳಿಸುತ್ತಿಲ್ಲ. ನಡುನಡುವೆ ನಗು ಮಾತ್ರ ಕೇಳುತ್ತಿದೆ.

ಓಣಿಯ ಮೂಲೆಯಲ್ಲಿ ಬಸ್ಸು ನಿಂತ ಸಪ್ಪಳವಾಯಿತು. ಬಿಳಿ ಅಂಗಿಯವರು ನಾಲ್ಕೈದು ಮಂದಿ ಇಳಿಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಬರುವವನೇ ಹುಡುಗನಿರಬೇಕು. ನೋಡಲು ಅಡ್ಡಿಯಿಲ್ಲ. ನಡಿಗೆಯಲ್ಲಿ ಗಿರಣಿಯ ಗತ್ತು ಇದೆ.

ಒಳಗಿನಿಂದ ಒಂದು ವಾಸನೆ ಬಂತು. ಶಿರಾದ್ದಲ್ಲ, ಒಗ್ಗರಣೆಯದ್ದೂ ಅಲ್ಲ. ಬಿಸಿ ಹಂಚಿನ ಮೇಲೆ ಅಜವಾನ ಕಾಯುತ್ತಿದೆ.

ಹಾಗೋ. ಅಪ್ಪನಿಗೆ ಹೇಳಲಾರದ್ದನ್ನು ಮಗಳು ಹಂಚಿನ ಮೇಲೆ ಇಟ್ಟಿದ್ದಾಳೆ.

ಕಾಗದ ಮಡಿಸುತ್ತೇನೆ, ಕ್ಷಮಿಸಿ. ಬೀಗರು ಬಾಗಿಲಿಗೆ ಬರುವುದರೊಳಗೆ ನಾನು ಒಳಗೆ ಹೋಗಿ ಆ ಲೋಡನ್ನು ಎರಡು ಸಲ ಚೆನ್ನಾಗಿ ತಟ್ಟಿ, ಬೆನ್ನು ಕೊಟ್ಟು ಒರಗಬೇಕು.